ಚಿಂತಾಕಿಯ ಮೇಲೆ ಏರಿದ ಮುಳ್ಳು

ಕಳೆದ ತಿಂಗಳು ಒಂದು ಮದುವೆಗೆಂದು ಬೀದರಿಗೆ ಹೋಗಿದ್ದೆ. ಚೌಬಾರಾದ ಹತ್ತಿರ ವರನ ಮೆರವಣಿಗೆ ನಿಂತಾಗ ಯಾರೋ ಪಟಾಕಿಯ ಸರ ಹಚ್ಚಿದರು. ಉಳಿದವರು ಕಿವಿ ಮುಚ್ಚಿಕೊಂಡರೆ ನಾನು ಮೂಗರಳಿಸಿಕೊಂಡು ನಿಂತುಬಿಟ್ಟೆ. ಸುಟ್ಟ ಮದ್ದಿನ ಆ ವಾಸನೆ ಬಂದರೆ ಎಲ್ಲರಿಗೂ ಹಬ್ಬ ನೆನಪಾಗುತ್ತದೆ, ನನಗೆ ಒಂದು ಬರಗಾಲದ ವರ್ಷ ನೆನಪಾಗುತ್ತದೆ. ಒಂದು ಪುಟ್ಟ ವಿಮಾನದ ರೆಕ್ಕೆ, ಅದರ ಕೆಳಗೆ ತೇಲಿ ಹೋಗುತ್ತಿದ್ದ ಕೆಂಪು ನೆಲ, ಮತ್ತು ನನ್ನ ಅಕ್ಕ ಪಂಚಶೀಲೆಯ ಮುಖ. ಜೊತೆಗಿದ್ದವರೊಬ್ಬರು "ಏನಾತು, ತಲಿ ತಿರುಗ್ಲಕತ್ತದೇನು?" ಎಂದು ಸೋಡಾ ತರಿಸಿಕೊಟ್ಟರು. ಹೌದೆಂದು ಕುಡಿದೆ. ಅಷ್ಟು ಉದ್ದದ ಕಥೆಯನ್ನು ಮೆರವಣಿಗೆಯ ನಡುವೆ ಯಾರಿಗೆ ಹೇಳಲಿ?

ಅದು ಸತತ ಮೂರನೇ ವರ್ಷ ಮಳೆ ಕೈಕೊಟ್ಟ ಕಾಲ. ಶ್ರಾವಣ ಒಣಗಿಯೇ ಕಳೆದುಹೋಗಿತ್ತು. ಮಾಂಜ್ರಾ ನದಿಯಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಜನ ಗಂಟು ಕಟ್ಟಿಕೊಂಡು ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅದೇ ಹೊತ್ತಿಗೆ ಮೋಡ ಬಿತ್ತನೆ ಮಾಡುವ ಒಂದು ಕಂಪನಿಯ ವಿಮಾನ ಬೀದರಿಗೆ ಬಂದು ಇಳಿಯಿತು. ನಾನು ಆಗಷ್ಟೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ ಅಂಗನವಾಡಿ ನಡೆಸುತ್ತಿದ್ದ ಅವ್ವನ ಜೊತೆ ಕೂತು ಅರ್ಜಿ ಬರೆಯುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ಯಂತ್ರದ ಅಂಕಿ ಓದಿ ಬರೆಯಬಲ್ಲ, ಕನ್ನಡ ಮರಾಠಿ ಎರಡೂ ಬಲ್ಲ, ಮೇಲಿನಿಂದ ನೋಡಿ ಇದು ಯಾವ ಊರು ಎಂದು ಹೇಳಬಲ್ಲ ಒಬ್ಬ ಸ್ಥಳೀಯ ವ್ಯಕ್ತಿ. ಮೂರನೆಯದು ನನಗೆ ಬರುತ್ತಿರಲಿಲ್ಲ, ಬರುತ್ತದೆ ಎಂದು ಹೇಳಿದೆ. ಕೆಲಸ ಸಿಕ್ಕಿತು.

ಮೊದಲ ದಿನ ಅಷ್ಟೂರಿನ ಗುಂಬಜ್‌ಗಳ ಮೇಲೆ ಹಾರಿದಾಗ ಕಿಟಕಿಗೆ ಹಣೆ ಹಚ್ಚಿ ನೋಡಿದೆ. ಸಾಲಿಯಿಂದ ಟ್ರಿಪ್ಪಿಗೆ ಹೋಗಿ ತಲೆಯೆತ್ತಿ ನೋಡಿದ್ದ ಆ ದೊಡ್ಡ ಗೋರಿಗಳು ಬೋರಲು ಹಾಕಿದ ಬೋಗುಣಿಗಳಷ್ಟಾಗಿದ್ದವು. ಆಮೇಲೆ ಎಲ್ಲವೂ ಹಾಗೇ. ದೂರ ಅನ್ನುವುದು ಹತ್ತಿರವಾಯಿತು, ಹತ್ತಿರದ್ದು ದೂರವಾಯಿತು. ಬಸ್ಸಿನಲ್ಲಿ ಅರ್ಧ ದಿನ ಹಿಡಿಯುವ ಅಕ್ಕನ ಊರು, ಔರಾದ ತಾಲ್ಲೂಕಿನ ಚಿಂತಾಕಿ, ನಾನು ಎರಡು ಸಲ ಆಕಳಿಸುವುದರೊಳಗೆ ಕೆಳಗೆ ಬಂದಿರುತ್ತಿತ್ತು. ಮೋಡಗಳ ನೆರಳು ಬರಿಯ ಹೊಲಗಳ ಮೇಲೆ ಹೊರಳಿಕೊಂಡು ಹೋಗುವುದನ್ನು ನೋಡುತ್ತಾ ಕೂತರೆ ನಾನು ಸಂಬಳಕ್ಕೆ ಬಂದವಳು ಎನ್ನುವುದೇ ಮರೆತುಹೋಗುತ್ತಿತ್ತು.

ವಿಮಾನ ಓಡಿಸುತ್ತಿದ್ದವರು ಉದಗೀರ ಕಡೆಯ ಒಬ್ಬ ಹಿರಿಯ ಕ್ಯಾಪ್ಟನ್. ತಾಯಿಯ ಕಡೆಯಿಂದ ನಮ್ಮ ಮಾತು ಬರುತ್ತಿತ್ತು. ಕೆಲಸ ಏನೆಂಬುದನ್ನು ಅವರು ಮೊದಲ ದಿನವೇ ನೇರವಾಗಿ ಹೇಳಿದ್ದರು. ಮೋಡದ ಹೊಟ್ಟೆಯ ಕೆಳಗೆ ಗಾಳಿ ಮೇಲಕ್ಕೆ ಏಳುವ ಜಾಗ ಹುಡುಕಬೇಕು. ಅಲ್ಲಿ ರೆಕ್ಕೆಗೆ ಕಟ್ಟಿದ ಮದ್ದಿನ ಕೋಲು ಹೊತ್ತಿಸಿದರೆ ಹೊಗೆಯನ್ನು ಮೋಡವೇ ಒಳಗೆ ಎಳೆದುಕೊಳ್ಳುತ್ತದೆ. ಗಾಳಿ ಏಳದ ಕಡೆ ಸುಟ್ಟರೆ ಮದ್ದು ದಂಡ. ಏಳುವ ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದನ್ನು ತೋರಿಸುವುದು ಪರದೆಯ ಮೇಲಿನ ಒಂದು ಮುಳ್ಳು.

ಆ ಪರದೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಳೆಯ ವಿಮಾನಗಳಲ್ಲಿದ್ದ ದುಂಡು ಗಡಿಯಾರಗಳು ಅದರಲ್ಲಿರಲಿಲ್ಲ. ಕ್ಯಾಪ್ಟನ್ ಎದುರಿಗೊಂದು, ನನ್ನ ಎದುರಿಗೊಂದು, ಊಟದ ತಟ್ಟೆಯಷ್ಟು ಅಗಲದ ಪರದೆ. ಮೇಲರ್ಧ ನೀಲಿ, ಕೆಳಗರ್ಧ ಕಂದು, ನಡುವೆ ಬಿಳಿ ಗೆರೆ. ಅದು ದಿಗಂತ. ಆ ವರ್ಷ ಹೊರಗಿನ ನೆಲಕ್ಕೂ ಪರದೆಯ ನೆಲಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಎಡಗಡೆ ವೇಗದ ಪಟ್ಟಿ, ಬಲಗಡೆ ಎತ್ತರದ ಪಟ್ಟಿ. ಎತ್ತರದ ಪಟ್ಟಿ ದರ್ಜಿಯ ಟೇಪಿನಂತೆ ಸರಿಯುತ್ತದೆ, ನಾವು ಏರಿದರೆ ಟೇಪು ಕೆಳಗೆ ಜಾರುತ್ತದೆ, ಇಳಿದರೆ ಮೇಲೆ ಹೋಗುತ್ತದೆ. ನಡುವಿನ ಕಪ್ಪು ಕಿಟಕಿಯಲ್ಲಿ ಮಾತ್ರ ಈ ಗಳಿಗೆಯ ಎತ್ತರ ಉರುಳುತ್ತಿರುತ್ತದೆ. ಟೇಪಿನ ಅಂಚಿಗೆ ಒಂದು ತೆಳ್ಳನೆಯ ಗುಲಾಬಿ ಗೆರೆ. ಹೀಗೇ ಹೋದರೆ ಇನ್ನಾರು ಸೆಕೆಂಡಿಗೆ ಎಷ್ಟು ಎತ್ತರದಲ್ಲಿರುತ್ತೀರಿ ಎಂದು ಅದು ಮೊದಲೇ ತೋರಿಸಿಬಿಡುತ್ತದೆ. ಅದರಾಚೆ ಕಿರಿದಾದ ಇನ್ನೊಂದು ಪಟ್ಟಿ. ಇದು ಅಲುಗಾಡುವುದಿಲ್ಲ, ಇದರ ಮೇಲೆ ಮುಳ್ಳು ಓಡಾಡುತ್ತದೆ. ನಿಮಿಷಕ್ಕೆ ಎಷ್ಟು ಅಡಿ ಏರುತ್ತಿದ್ದೇವೆ ಅಥವಾ ಇಳಿಯುತ್ತಿದ್ದೇವೆ ಎಂಬ ಅಂಕಿ ಮುಳ್ಳಿನ ಹೊಟ್ಟೆಯಲ್ಲೇ ಮೂಡುತ್ತದೆ. ನೂರು ಅಡಿಗಿಂತ ಕಡಿಮೆಯಾದರೆ ಅಂಕಿಯೂ ಇಲ್ಲ, ಖಾಲಿ. ಎಷ್ಟೋ ದಿನ ನಾವು ಒಂದು ಜಿಲ್ಲೆಯ ಆಕಾಶವನ್ನೆಲ್ಲ ಸುತ್ತಿ ಆ ಖಾಲಿ ಹೊಟ್ಟೆಯನ್ನೇ ನೋಡಿಕೊಂಡು ಬಂದಿದ್ದೇವೆ.

ನನಗೆ ಆಗ ಇಪ್ಪತ್ತಮೂರು. ಮನೆಯಲ್ಲಿ ಮೊದಲ ಸಲ ವಿಮಾನ ಹತ್ತಿದವಳು. ಜಂಬಕ್ಕೇನು ಕೊರತೆ? ಚಿಂತಾಕಿಗೆ ಹೋದಾಗ ಅಕ್ಕನ ಅಂಗಳದಲ್ಲಿ ಕೂತು, ಮುಂದೆ ಆಗುವುದನ್ನು ಆರು ಸೆಕೆಂಡು ಮೊದಲೇ ತೋರಿಸುವ ಯಂತ್ರ ನನ್ನೆದುರಿಗೆ ಇರುತ್ತದೆ ಎಂದು ಕೊಚ್ಚಿಕೊಂಡೆ. ಆ ಮಾತು ಚಹಾದ ಅಂಗಡಿ ಸುತ್ತಿ ಬರುವಷ್ಟರಲ್ಲಿ ಆರು ದಿನವಾಗಿತ್ತು. ಇನ್ನೊಂದು ಸಲ ಹೋದಾಗ ಆರು ವಾರವಾಗಿತ್ತು. ತಿದ್ದಬೇಕಾಗಿತ್ತು, ತಿದ್ದಲಿಲ್ಲ. ಹಿರಿಯರು ಎದ್ದು ನಿಂತು, ಅಕ್ಕೋರೆ ಎನ್ನುವ ಹಾಗೆ, "ಬಾಯಿ, ಮೋಡ ಹ್ಯಾಂಗದರಿ?" ಎಂದು ಕೇಳುವಾಗ ಯಾರಿಗೆ ತಿದ್ದುವ ಮನಸ್ಸಾಗುತ್ತದೆ?

ಕ್ಯಾಪ್ಟನ್ ಮಾತ್ರ ನನ್ನನ್ನು ಹಾಗೆ ಬಿಟ್ಟಿರಲಿಲ್ಲ. ಒಮ್ಮೆ ಬರಿ ಆಕಾಶದಲ್ಲಿ ವಿಮಾನದ ಮೂತಿಯನ್ನು ಸ್ವಲ್ಪ ಎತ್ತಿ ತೋರಿಸಿದರು. ಮುಳ್ಳು ಜರ್ರನೆ ಏರಿತು.

"ನೋಡು ವಂದನಾ, ಇಲ್ಲಿ ಮೋಡ ಇಲ್ಲ, ಏನೂ ಇಲ್ಲ. ಆದ್ರೂ ಏರ್ತು. ನಾ ಎತ್ತಿದ್ರೂ ಏರ್ತದ, ಮೋಡ ಎತ್ತಿದ್ರೂ ಏರ್ತದ. ಮುಳ್ಳಿಗಿ ಎರಡೂ ಒಂದೇ."

"ಮತ್ತ ಗೊತ್ತು ಹ್ಯಾಂಗ ಮಾಡೋದ್ರಿ ಸರ್?"

"ಎಡಗಡಿ ನೋಡಬೇಕು. ವೇಗ ಇಳದ್ರ ಅದು ನಾ ಮಾಡಿದ್ದು. ವೇಗ ಇದ್ದಂಗೇ ಇದ್ದು, ನನ್ನ ಕೈ ಸುಮ್ಮನಿದ್ದು, ಆಮ್ಯಾಲ ಏರಿದ್ರ ಅದು ಮೋಡದ್ದು."

ಹೂಂ ಎಂದೆ. ಆದರೆ ನನ್ನ ರಿಜಿಸ್ಟರಿನಲ್ಲಿ ಹಾರುವಾಗ ತುಂಬಬೇಕಾದ ಕಾಲಂ ಎರಡೇ, ಎತ್ತರ ಮತ್ತು ಮುಳ್ಳು. ವೇಗದ ಕಾಲಂ ಸಂಜೆ ವಿಮಾನದ ಮೆಮೊರಿ ಕಾರ್ಡಿನಿಂದ ಇಳಿಸಿಕೊಂಡು ತುಂಬುವುದು. ಹೀಗಾಗಿ ಕಣ್ಣಿಗೆ ಬಲಗಡೆಯೇ ರೂಢಿಯಾಯಿತು. ಎಡಗಡೆ ಇನ್ನೊಬ್ಬರ ಹೊಲವಿದ್ದ ಹಾಗೆ, ನಾನು ಆ ಕಡೆ ಹೋಗುತ್ತಲೇ ಇರಲಿಲ್ಲ.

ಭಾದ್ರಪದದ ಒಂದು ಸೋಮವಾರ ಅಕ್ಕ ಫೋನ್ ಮಾಡಿದಳು.

"ವಂದೂ, ಮುಕಾದಮ ಬಂದು ಹೋದ. ಬೇಸ್ತವಾರ ನಾಕಕ್ಕ ಟೆಂಪೋ ಬರ್ತದಂತ."

ಮುಕಾದಮ ಎಂದರೆ ಕೂಲಿಯವರ ಟೋಳಿ ಕಟ್ಟಿ ಕರೆದೊಯ್ಯುವವನು. ಅವನ ಲೆಕ್ಕದಲ್ಲಿ ಗಂಡಹೆಂಡತಿ ಸೇರಿ ಒಂದು ಜೋಡಿ. ಜೋಡಿಯಾದರೆ ಟೋಳಿಯಲ್ಲಿ ಜಾಗ, ಒಬ್ಬರೇ ಆದರೆ ಇಲ್ಲ.

"ಭಾವ ಏನಂತಾರ?"

"ಹೋಗೋಣು ಅಂತಾರ. ನಾ ಇನ್ನಾ ಏನೂ ಅಂದಿಲ್ಲ. ಸುಜಾತಾ ಈಗೀಗ ಎರಡಕ್ಷರ ಕೂಡಿಸಿ ಓದ್ಲಕತ್ತಾಳ ನೋಡು. ಹ್ವಾದ ವರ್ಷನೂ ಹಿಂಗೇ ಓದ್ಲಕತ್ತಿದ್ಳು. ನಡುವ ಎಳ್ಕೊಂಡು ಹೋದ್ವಿ, ತಿರುಗಿ ಬರೋದ್ರಾಗ ಎಲ್ಲಾ ಮರೆತು ಕುಂತಿದ್ಳು. ನೀ ದಿನಾ ಮ್ಯಾಲ ಹೋಗ್ತಿ. ಖರೇ ಹೇಳು, ಮಳಿ ಬರ್ತದೇನು? ಬರ್ತದಂದ್ರ ಜ್ವಾಳ ಬಿತ್ತಿ ಇಲ್ಲೇ ನಿಲ್ತೀವಿ. ನೀ ಹೇಳಿದ್ರ ಅವರೂ ಕೇಳ್ತಾರ."

ಸುಜಾತಾ ಅಕ್ಕನ ಒಬ್ಬಳೇ ಮಗಳು, ಎಂಟು ವರ್ಷದವಳು. ನನ್ನನ್ನು ಮೌಶಿ ಎಂದು ಕರೆಯುತ್ತಿದ್ದಳು. ಅವಳ ವಯಸ್ಸಿನಲ್ಲಿ ನಾನು ಪಾಠವನ್ನು ಜೋರಾಗಿ ಓದಿ ಬೇರೆಯವರ ನಿದ್ದೆ ಕೆಡಿಸುತ್ತಿದ್ದೆ, ಅವಳು ಪುಸ್ತಕವನ್ನು ಎದೆಗವಚಿಕೊಂಡು ಚಿತ್ರಗಳನ್ನು ನೋಡುತ್ತಿದ್ದಳು. "ಬೇಸ್ತವಾರದೊಳಗ ಹೇಳ್ತೇನಿ ಅಕ್ಕಾ" ಎಂದೆ. ನನ್ನಿಂದಾಗದು ಎಂದು ಹೇಳಬಹುದಿತ್ತು, ಅದು ನನಗೆ ಹೊಳೆಯಲೇ ಇಲ್ಲ.

ಮಂಗಳವಾರ ಖಾಲಿ. ಬುಧವಾರವೂ ಖಾಲಿ. ಗುರುವಾರ ಹನ್ನೊಂದಕ್ಕೆ ಏರಿದೆವು. ಭಾಲ್ಕಿಯ ಮೇಲೆ ಹತ್ತಿಯಂಥ ಚೂರುಪಾರು ಬಿಟ್ಟರೆ ಏನೂ ಇರಲಿಲ್ಲ, ಔರಾದ ಕಡೆ ತಿರುಗಿದಾಗ ಒಂದೇ ಒಂದು ದೊಡ್ಡ ಮೋಡ, ಅಡಿಭಾಗ ಮಸಿ ಬಳಿದಂತೆ ಕಪ್ಪಗೆ, ನಿಂತ ಜಾಗದಲ್ಲೇ ನಿಂತಿತ್ತು. ಅದರ ಕೆಳಗೆ ಚಿಂತಾಕಿ. ನೀರಿನ ಟಾಕಿಯನ್ನು, ಸಾಲಿಯ ಹುಣಸೆ ಮರವನ್ನು ಗುರುತು ಹಿಡಿದೆ. ಅಕ್ಕನ ಮನೆಯ ಓಣಿ ಯಾವುದೆಂದು ಲೆಕ್ಕ ಹಾಕಿದೆ. ಈ ಹೊತ್ತಿಗೆ ಅವಳು ಗಂಟು ಕಟ್ಟುತ್ತಿರಬೇಕು, ಕಟ್ಟುತ್ತಾ ಫೋನಿನ ಕಡೆ ನೋಡುತ್ತಿರಬೇಕು ಎಂದುಕೊಂಡೆ. ಮೋಡದ ನೆರಳಿಗೆ ಬಂದದ್ದೇ ಕಿಟಕಿಯ ಬೆಳಕು ಮಂಕಾಗಿ ಪರದೆ ಒಮ್ಮೆಗೇ ಹೊಳೆಯಿತು. ತಲೆ ಬಗ್ಗಿಸಿ ಮುಳ್ಳಿನಲ್ಲಿ ಕಣ್ಣು ನೆಟ್ಟೆ.

ಖಾಲಿ. ಖಾಲಿ. ಆಮೇಲೆ ಇನ್ನೂರು. ನಾಲ್ಕು ನೂರು. ಆರು ನೂರ ಐವತ್ತು. ಮೈ ಹಗುರಾಗಿ ತೇಲಿದಂತಾಯಿತು. ಟೇಪು ಸರಸರ ಕೆಳಗೆ ಸರಿಯಿತು, ಗುಲಾಬಿ ಗೆರೆ ಉದ್ದವಾಗಿ ಬೆಳೆದು ಇನ್ನೂ ಮೇಲೆ, ಇನ್ನೂ ಮೇಲೆ ಎಂದು ತೋರಿಸಿತು. ಒಂಬೈನೂರು!

"ಎಳೀಲಕತ್ತದರಿ ಸರ್! ಒಂಬೈನೂರು!"

ಕ್ಯಾಪ್ಟನ್ ಟವರಿನವರ ಜೊತೆ ಮಾತಾಡುತ್ತಿದ್ದರು. ತಾಳು ಎಂಬಂತೆ ಕೈ ತೋರಿಸಿದರು. ಇಪ್ಪತ್ತು ಸೆಕೆಂಡು ಇದ್ದಿರಬಹುದು, ಮುಳ್ಳು ಇಳಿದು ಮತ್ತೆ ಖಾಲಿಯಾಯಿತು. ಕೋಲು ಯಾಕೆ ಹೊತ್ತಿಸಲಿಲ್ಲ ಎಂದು ಕೇಳಿದ್ದಕ್ಕೆ "ಇನ್ನಾ ಟೈಮ್ ಆಗಿಲ್ಲ, ಮಧ್ಯಾಹ್ನ ಮತ್ತ ಬಂದು ನೋಡೋಣ" ಎಂದು ವಿಮಾನ ತಿರುಗಿಸಿದರು. ಮಧ್ಯಾಹ್ನ ಹೊತ್ತಿಸುತ್ತಾರೆ ಎಂದೇ ನಾನು ತಿಳಿದೆ.

ಇಳಿದಾಗ ಒಂದೂವರೆ. ಹೆಡ್‌ಫೋನ್ ತೆಗೆದವಳೇ ಬೇವಿನ ಮರದ ನೆರಳಿಗೆ ಓಡಿ ಫೋನ್ ಹಚ್ಚಿದೆ.

"ಅಕ್ಕಾ, ಹೋಗಬ್ಯಾಡ್ರಿ. ಬರೋಬರ್ ನಿಮ್ಮೂರ ಮ್ಯಾಲೇ ಮೋಡ ಎಳೀಲಕತ್ತದ. ನನ್ನ ಕಣ್ಣಾರೆ ನೋಡೀನಿ."

"ಖರೇನು?"

"ಖರೇ."

"ನೋಡು ವಂದೂ, ಟೆಂಪೋ ಒಮ್ಮಿ ಹೋದ್ರ ಹೋತು."

"ಇವತ್ತು ಸಂಜೀ, ಇಲ್ಲಾಂದ್ರ ನಾಳಿ. ಬಂದೇ ಬರ್ತದ."

ಅಷ್ಟು ಹೇಳು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಫೋನಿನ ಆ ಕಡೆಯಿಂದ ಸುಜಾತಾ "ನಿಲ್ತೀವೇನವ್ವಾ?" ಎಂದು ಕೇಳುವುದು ಕೇಳಿಸಿತು. ಅಕ್ಕ ನಕ್ಕದ್ದು ಕೇಳಿಸಿತು. ಅಂದು ಮಧ್ಯಾಹ್ನ ಊಟವೇ ಬೇಡವೆನಿಸುವಷ್ಟು ಖುಷಿಯಾಗಿತ್ತು ನನಗೆ.

ಮೂರರ ಹೊತ್ತಿಗೆ ಮೇಲುಗಾಳಿ ಎದ್ದು ಆ ಮೋಡವನ್ನು ಹರಿದು ಹಾಕಿತು. ಹಾರಾಟ ರದ್ದಾಯಿತು. ಆದರೇನಂತೆ, ನಾಳೆ ಇದೆಯಲ್ಲ ಎಂದುಕೊಂಡು ಸಂಜೆ ರಿಜಿಸ್ಟರ್ ತುಂಬಲು ಕೂತೆ. ಕಾರ್ಡಿನಿಂದ ವೇಗದ ಅಂಕಿ ಇಳಿಸಿಕೊಳ್ಳುತ್ತಾ ಆ ಇಪ್ಪತ್ತು ಸೆಕೆಂಡಿಗೆ ಬಂದಾಗ ಪೆನ್ನು ನಿಂತಿತು. ನೂರಾ ನಲವತ್ತರಲ್ಲಿದ್ದ ವೇಗ ನೂರಾ ಹದಿನೈದಕ್ಕೆ ಬಿದ್ದಿತ್ತು.

ಕ್ಯಾಪ್ಟನ್ ಪಕ್ಕದಲ್ಲೇ ಶೇಂಗಾ ಸುಲಿಯುತ್ತಾ ಕೂತಿದ್ದರು. "ಸರ್, ಇದೇನ್ರಿ?" ಎಂದು ತೋರಿಸಿದೆ.

ಬಗ್ಗಿ ನೋಡಿದರು. "ಅದಾ? ಎದುರಿಗಿ ಬೆಳ್ಳಕ್ಕಿ ಸಾಲು ಬಂತಲ್ಲ. ಮೂತಿ ಎತ್ತಿ ಮ್ಯಾಲಿಂದ ದಾಟಿಸ್ದೆ. ನೀ ನೋಡ್ಲಿಲ್ಲೇನು?"

ನಾನು ನೋಡಿರಲಿಲ್ಲ. ಚಿಂತಾಕಿಯ ಕೆರೆ ಬತ್ತಿದ್ದಕ್ಕೆ ನೀರು ಹುಡುಕಿಕೊಂಡು ಹೊರಟಿದ್ದ ಹಕ್ಕಿಗಳ ಸಾಲು ನನ್ನ ಮೂಗಿನ ಎದುರಿಗೇ ಹಾದುಹೋದರೂ ನಾನು ಮುಳ್ಳು ನೋಡುತ್ತಾ ಕೂತಿದ್ದೆ. ಆ ಏರಿಕೆ ಮೋಡದ್ದಲ್ಲ, ನಮ್ಮದು. ಟೆಂಪೋ ಹೊರಟು ಎರಡು ತಾಸಾಗಿತ್ತು.

ಫೋನ್ ತೆಗೆದೆ. ನಂಬರು ಒತ್ತಿದೆ, ಗಂಟೆ ಬಾರಿಸುವ ಮೊದಲೇ ಕಟ್ ಮಾಡಿದೆ. ಹೋದ ಟೆಂಪೋ ತಿರುಗಿ ಬರುತ್ತದೆಯೇ, ಈಗ ಹೇಳಿ ಏನುಪಯೋಗ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ನಾಳೆ ನಿಜವಾದ ಮೋಡ ಸಿಕ್ಕರೆ, ಮದ್ದು ಸುಟ್ಟರೆ, ಚಿಂತಾಕಿಯ ಮೇಲೆ ಮಳೆ ಸುರಿದರೆ, ಹೇಳಬೇಕಾದ್ದೇ ಉಳಿಯುವುದಿಲ್ಲವಲ್ಲ? ನಾಚಿಕೆಗೇಡಿನ ಯೋಚನೆ ಅದು. ಆದರೆ ಅದನ್ನು ನಂಬಿಕೊಂಡು ಮೂರು ವಾರ ಕಳೆದೆ.

ಆ ಮೂರು ವಾರಗಳು ಈಗಲೂ ನನಗೆ ನಿದ್ದೆಯಲ್ಲಿ ನಡೆದಂತಿವೆ. ದಿನಾ ಏರುವುದು, ದಿನಾ ಔರಾದ ಕಡೆ ಹೋಗೋಣವೇ ಎಂದು ಕ್ಯಾಪ್ಟನ್‌ಗೆ ಗಂಟುಬೀಳುವುದು. ಬಿಳಿಯ ಬೆಟ್ಟಗಳಂಥ ಮೋಡಗಳ ಸಂದಿಯಲ್ಲಿ ನುಸುಳುವುದು, ಬಿಸಿಲು ರೆಕ್ಕೆಯ ಮೇಲೆ ಕುಳಿತು ಎದ್ದು ಕುಳಿತು ಬರುವುದು. ಕೆಳಗೆ ಕೆಂಪು ರಸ್ತೆಗಳಲ್ಲಿ ಗಂಟು ಹೊತ್ತ ಟೆಂಪೋಗಳು ಹೈದರಾಬಾದಿನ ದಿಕ್ಕಿಗೆ ಹರಿದು ಹೋಗುತ್ತಿದ್ದವು, ಅವುಗಳ ಸದ್ದು ನಮಗೆ ಕೇಳುತ್ತಿರಲಿಲ್ಲ, ಬರೀ ಧೂಳು ಕಾಣುತ್ತಿತ್ತು. ಎತ್ತರದ ಟೇಪು ಮೇಲೆ ಸರಿದು ಕೆಳಗೆ ಸರಿದು, ಕಣ್ಣು ಮುಚ್ಚಿದರೂ ಅಂಕಿಗಳು ಉರುಳುತ್ತಲೇ ಇರುತ್ತಿದ್ದವು. ಈಗ ನಾನು ಎಡಗಡೆಯನ್ನೂ ನೋಡುತ್ತಿದ್ದೆ. ನೋಡಿದಷ್ಟೂ ಮುಳ್ಳಿನ ಮೇಲಿನ ನಂಬಿಕೆ ಕಡಿಮೆಯಾಗುತ್ತಿತ್ತು, ಆದರೂ ಚಿಂತಾಕಿ ಬಂದಾಗ ಏರು, ಏರು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಅಕ್ಕ ಮೊದಲ ವಾರ ದಿನಾ ಫೋನ್ ಮಾಡಿ ಮೋಡ ಹೇಗಿದೆ ಎಂದು ಕೇಳಿದಳು. "ಬರ್ತದ ಅಕ್ಕಾ" ಎಂದೆ. ಎರಡನೇ ವಾರ, ಭಾವ ಒಬ್ಬರೇ ಬಸ್ಸು ಹತ್ತಿ ಹೈದರಾಬಾದಿಗೆ ಹೋದರೆಂದು, ಟೋಳಿಯಲ್ಲಿ ಜಾಗವಿಲ್ಲದೆ ಎಲ್ಲೋ ಕಟ್ಟಡ ಕಾಯುವ ಕೆಲಸ ಹಿಡಿದರೆಂದು ಹೇಳಿದಳು. ಆಮೇಲೆ ಮೋಡದ ವಿಷಯ ಕೇಳುವುದನ್ನೇ ಬಿಟ್ಟಳು. ಅವಳು ಕೇಳದೆ ಇದ್ದದ್ದು ಕೇಳಿದ್ದಕ್ಕಿಂತ ಹೆಚ್ಚು ಉರಿಯಿತು.

ಮೂರನೇ ವಾರದ ಕೊನೆಗೆ ಸಾಯಗಾಂವದ ಮೇಲೆ ಹಾರುತ್ತಿದ್ದೆವು. ಕ್ಯಾಪ್ಟನ್ ಕೈಗಳು ತೊಡೆಯ ಮೇಲಿದ್ದವು, ವಿಮಾನ ತಾನೇ ಹೋಗುತ್ತಿತ್ತು. ಮೋಡದ ಅಂಚು ದಾಟಿದ್ದೇ ಯಾರೋ ಕೆಳಗಿನಿಂದ ಅಂಗೈಯಲ್ಲಿ ಎತ್ತಿದಂತಾಯಿತು. ಎಡಗಡೆ ನೋಡಿದೆ, ನೂರಾ ನಲವತ್ತು, ಒಂದಿಷ್ಟೂ ಕದಲಿಲ್ಲ. ಬಿಳಿಯ ಗೆರೆ ನೆಟ್ಟಗಿತ್ತು. ಬಲಗಡೆ ಮುಳ್ಳು ಮೂರು ನೂರು, ನಾಲ್ಕು ನೂರು, ಐದು ನೂರಕ್ಕೆ ಬಂದು ಅಲ್ಲೇ ನಿಂತಿತು. ಒಂಬೈನೂರಿನ ಹಾರಾಟವಿಲ್ಲ, ಆರ್ಭಟವಿಲ್ಲ. ಸುಮ್ಮನೆ ಏರುತ್ತಾ ಇದ್ದೆವು.

"ಇದು ನೋಡು" ಎಂದರು ಕ್ಯಾಪ್ಟನ್ ಮೆಲ್ಲಗೆ. ಗುಂಡಿ ಒತ್ತಿದರು. ರೆಕ್ಕೆಯ ಕೆಳಗೆ ಕೋಲುಗಳು ಹೊತ್ತಿಕೊಂಡವು, ಪಟಾಕಿಯ ವಾಸನೆ ಒಳಗೆಲ್ಲ ತುಂಬಿತು. ಆ ದಿನ ಸಂಜೆ ಅವ್ವ ಫೋನ್ ಮಾಡಿ, "ಏನವ್ವ, ನಿಮ್ಮ ಇಮಾನ ನಮ್ಮ ಓಣಿಗಿ ಮಳಿ ಕೊಟ್ಟು ಆಚಿ ಓಣಿಗಿ ಕೊಡಲಿಲ್ಲಲ್ಲ, ಅವರು ನನ್ನ ಕೂಡ ಜಗಳ ತಗದಾರ" ಎಂದು ನಕ್ಕಳು. ನಮ್ಮ ಮದ್ದಿನಿಂದ ಬಂತೋ, ತಾನಾಗಿ ಬರುವುದಿತ್ತೋ, ಅದನ್ನು ಖಚಿತವಾಗಿ ಹೇಳಬಲ್ಲವರು ನನಗೆ ಇಂದಿಗೂ ಸಿಕ್ಕಿಲ್ಲ. ಅವ್ವನ ಓಣಿ ತೊಯ್ದದ್ದಂತೂ ನಿಜ. ನನಗೆ ನಗಲಾಗಲಿಲ್ಲ. ನಿಜವಾದ ಏರಿಕೆ ಹೇಗಿರುತ್ತದೆ ಎಂದು ಮೈಯಿಂದಲೇ ತಿಳಿದಮೇಲೆ ಸುಳ್ಳಿನದನ್ನು ಇಟ್ಟುಕೊಂಡು ಕೂರುವುದು ಆಗದ ಮಾತಾಯಿತು. ಫೋನಿಟ್ಟವಳೇ ಕ್ಯಾಪ್ಟನ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಹೇಳುತ್ತಾ ಅತ್ತೆ.

ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ರಿಜಿಸ್ಟರಿನ್ಯಾಗ ಆ ಸಾಲಿಗಿ ಗೀಟು ಹೊಡಿ. ಅಳಿಸಬ್ಯಾಡ, ಕಾಣಬೇಕು. ಬಾಜೂಕ ಬೆಳ್ಳಕ್ಕಿ ಅಂತ ಬರದು ಸಹಿ ಮಾಡು" ಎಂದರು. ಸಹಿಯಾದ ಮೇಲೆ, "ನಾಳಿ ವಿಮಾನಕ್ಕ ರಜಾ. ಚಿಂತಾಕಿಗಿ ನೀನೇ ಹೋಗಬೇಕು, ಫೋನಿನ್ಯಾಗ ಹೇಳೋ ಮಾತಲ್ಲ ಅದು" ಎಂದರು. ಎಷ್ಟೋ ವರ್ಷಗಳಾದ ಈಗ ನಾನು ಹೊಸಬರಿಗೆ ಇಂಥವೇ ಪರದೆಗಳನ್ನು ಓದಲು ಕಲಿಸುತ್ತೇನೆ. ಬಲಗಡೆ ತೋರಿಸುವ ಮೊದಲು ಅವರನ್ನು ಒಂದು ದಿನ ಪೂರ್ತಿ ಎಡಗಡೆಯ ವೇಗದ ಪಟ್ಟಿಯ ಮುಂದೆಯೇ ಕೂಡಿಸುತ್ತೇನೆ. ಮೇಡಂಗೆ ತಲೆ ಕೆಟ್ಟಿದೆ ಎಂದು ಅವರು ಮಾತಾಡಿಕೊಳ್ಳುವುದು ನನಗೆ ಗೊತ್ತು.

ಮರುದಿನ ಔರಾದವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಚಿಂತಾಕಿ ಮೇಲಿನಿಂದ ಕಂಡಿದ್ದಕ್ಕಿಂತ ದೊಡ್ಡದಾಗಿಯೂ ಹೆಚ್ಚು ಸುಮ್ಮನಾಗಿಯೂ ಇತ್ತು. ಓಣಿಯಲ್ಲಿ ಬಾಗಿಲಿಗೊಂದು ಕೀಲಿ. ಅಕ್ಕನ ಮನೆಯೊಂದೇ ತೆರೆದಿತ್ತು. ಅದರ ಅಂಗಳದಲ್ಲಿ ಮಕ್ಕಳು ಓದುವ ಗದ್ದಲ. ಎಣಿಸಿದೆ, ಏಳು ಮಂದಿ. ಸುಜಾತಾ ಒಬ್ಬಳನ್ನು ಬಿಟ್ಟರೆ ಉಳಿದವರು ಯಾರೋ ನನಗೆ ತಿಳಿಯಲಿಲ್ಲ. ಬಾಗಿಲ ಮೇಲಿನ ಬುದ್ಧನ ಫೋಟೋದ ಕೆಳಗೆ ಏಳು ಪಾಟಿಚೀಲಗಳು ಸಾಲಾಗಿ ತೂಗುತ್ತಿದ್ದವು.

ಅಕ್ಕ ಹಿತ್ತಲಲ್ಲಿ ಕೊಡ ಇಳಿಸುತ್ತಿದ್ದಳು. ಇಳಿದುಹೋಗಿದ್ದಳು, ಭುಜದ ಎಲುಬು ಕಾಣುತ್ತಿತ್ತು. ಮುಖ ನೋಡಿದರೆ ಹೇಳಲಾರೆನೆಂದು ಕೊಡವನ್ನೇ ನೋಡುತ್ತಾ ಹೇಳಿದೆ.

"ಅಕ್ಕಾ, ಆವತ್ತು ಮೋಡ ಎಳೀಲಿಲ್ಲ. ಹಕ್ಕಿ ಬಂದಾವಂತ ಸರ್ ವಿಮಾನ ಎತ್ತಿದ್ರು. ನಾ ತಪ್ಪು ಓದ್ದೆ."

ಅವಳು ಕೈ ಒರೆಸಿಕೊಂಡಳು. "ನಿನಗ ಯಾವಾಗ ಗೊತ್ತಾತು?"

"ಆವತ್ತೇ ಸಂಜೀಕಡಿ."

"ಆವತ್ತೇ" ಎಂದಳು. ಕೊಡದ ಬಾಯಿಗೆ ತಟ್ಟೆ ಮುಚ್ಚಿದಳು. "ಟೆಂಪೋ ಕೆಟ್ಟು ಟೋಳಿ ಎರಡು ದಿನಾ ಜಹೀರಾಬಾದಿನ್ಯಾಗೇ ನಿಂತಿತ್ತು ವಂದೂ. ಮರುದಿನ ಮುಂಜಾನಿ ಬಸ್ಸಿತ್ತು. ಆವತ್ತೇ ಹೇಳಿದ್ರ ಹೋಗಿ ಕೂಡ್ಕೋತಿದ್ವಿ. ತಪ್ಪು ಓದಿದ್ದಕ್ಕ ನಾ ಏನೂ ಅನ್ನಲ್ಲ. ಯಾರಾದ್ರೂ ಓದ್ತಾರ."

ಅವಳು ಕೂಗಾಡಿದ್ದರೆ ಸಹಿಸುತ್ತಿದ್ದೆ. ಇದನ್ನು ಸಹಿಸಲಾಗಲಿಲ್ಲ, ಅಲ್ಲೇ ಕೂತುಬಿಟ್ಟೆ. ಈ ಮಕ್ಕಳು ಯಾರವು ಎಂದು ಕೇಳಿದೆ.

"ನಿನ್ನ ಮಾತು ಕೇಳಿ ನಿಂತಾಕಿ ನಾ ಒಬ್ಬಾಕಿನೇ. ಉಳದವರಿಗಿ ಧೈರ್ಯ ಆಗಲಿಲ್ಲ, ಹತ್ತಿದ್ರು. ಹತ್ತೋ ಮುಂದ ಮೂರು ಮನಿಯವರು ಮಕ್ಕಳನ್ನ ನನ್ನ ಬಾಗಲಿಗಿ ತಂದು ಬಿಟ್ರು. ಜ್ವಾಳಾನೂ ಕೊಟ್ಟಾರ. ಹ್ಯಾಂಗೂ ಮಳಿ ಬರ್ತದಲ್ಲ, ಬಂದ ದಿನಾನೇ ನಾವೂ ಬರ್ತೀವಿ ಅಂತ ಮಕ್ಕಳಿಗಿ ಹೇಳಿ ಹೋಗ್ಯಾರ."

ಸಂಜೆಯ ಬಸ್ಸಿಗೆ ತಿರುಗುವವಳಿದ್ದೆ, ತಿರುಗಲಿಲ್ಲ. ಹೊತ್ತು ಮುಳುಗುವ ಮೊದಲೇ ಅಕ್ಕ ಒಲೆ ಹಚ್ಚಿ ರೊಟ್ಟಿ ಬಡಿಯತೊಡಗಿದಳು. ನನ್ನ ಜೊತೆ ಮಾತಾಡಲಿಲ್ಲ, ಪುಂಡಿ ಪಲ್ಲೆಯ ಬೋಗುಣಿಯನ್ನು ನನ್ನ ಕಡೆ ಸರಿಸಿದಳಷ್ಟೆ. ಮಕ್ಕಳು ಸಾಲಾಗಿ ಕೂತರು, ನಾನು ಬಡಿಸಿ ಒಂದು ತಟ್ಟೆ ಹಿಡಿದು ಪಕ್ಕದಲ್ಲಿ ಕೂತೆ. ಸಾಲಿನ ಕೊನೆಗೆ ರಮಾ ಎಂಬ ಆರು ವರ್ಷದ ಹುಡುಗಿ ಇದ್ದಳು. ನನ್ನನ್ನೇ ನೋಡುತ್ತಿದ್ದಳು.

"ಮೌಶಿ, ಇಮಾನದಾಗ ಹೋಗೋರು ನೀವೇ ಏನ್ರಿ?"

"ಹೌದವ್ವ."

"ಮಳಿ ಯಾವಾಗ ಬರ್ತದ್ರಿ?"

ಏಳು ಕೈಗಳು ತಟ್ಟೆಯ ಮೇಲೆ ನಿಂತವು. ಸುಜಾತಾ ಕೂಡ ನೋಡಿದಳು, ಅವಳ ಅಪ್ಪನೂ ಹೈದರಾಬಾದಿನಲ್ಲೇ ಇದ್ದನಲ್ಲ. ನಾನು ಅಕ್ಕನ ಕಡೆ ನೋಡಿದೆ. ಅವಳು ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ಕೀಳಲಿಲ್ಲ. ಇನ್ನೊಂದು ವಾರ, ದಸರಾದೊಳಗೆ, ನಾಡಿದ್ದು, ಎಂಥೆಂಥ ಉತ್ತರಗಳು ನನ್ನ ಬಾಯಿಯವರೆಗೆ ಬಂದವು. ಆ ಹುಡುಗಿ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.

"ನಂಗ ಗೊತ್ತಿಲ್ಲ" ಎಂದೆ. "ಖರೇನೇ ಗೊತ್ತಿಲ್ಲವ್ವ."

ರಮಾಳ ತುಟಿ ಸೊಟ್ಟಗಾಯಿತು. ಅವಳು ತಟ್ಟೆ ನೋಡಿದಳು. ಅಕ್ಕ ರೊಟ್ಟಿ ತಿರುವಿ ಹಾಕಿ, ಒದ್ದೆ ಬಟ್ಟೆ ಆಡಿಸಿ, ಯಾರನ್ನೂ ನೋಡದೆ ಹೇಳಿದಳು.

"ಗೊತ್ತಿಲ್ಲಂದ್ರ ನಾಳಿ ನೀರಿಗಿ ಜಲ್ದಿ ಏಳಬೇಕು. ಉಣ್ರಿ ಎಲ್ಲಾರೂ."

ಆಮೇಲೆ ಆ ರೊಟ್ಟಿಯನ್ನು ಹಂಚಿನಿಂದ ತೆಗೆದು, ಬಂದಾಗಿನಿಂದ ಮೊದಲ ಸಲ, ನನ್ನ ತಟ್ಟೆಗೆ ಹಾಕಿದಳು.

"ನಾಳಿ ನೀನೂ ಜಲ್ದಿ ಏಳು" ಎಂದಳು.